ಅಪ್ಪನ ಕತ್ತಿ, ಅವ್ವನ ಪದಕ: ಡಾಂಟೆ ಮನೆಯ ಪಾಲಿನ ಲೆಕ್ಕ

(ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಖಂಡೇನವಮಿಗೆ ನಾಲ್ಕು ದಿನ ಮೊದಲು ಆಡಿದ ಮಾತು. ಹುಡುಗರು ಬರೆದು ಕೊಡಿ ಅಂದರು, ನೆನಪಿದ್ದಷ್ಟು ಬರೆದಿದ್ದೇನೆ. ಅಲ್ಲಿ ಮರೆತದ್ದು ಒಂದೆರಡು ಇಲ್ಲಿ ಸೇರಿಕೊಂಡಿವೆ.)

ನನ್ನನ್ನು ಕರೆದವರು ಒಂದೇ ಷರತ್ತು ಹಾಕಿದ್ದರು. ಹಬ್ಬ ಹತ್ತಿರ ಇದೆ ಸರ್, ಆಯುಧದ ಬಗ್ಗೆ ಏನಾದರೂ ಮಾತಾಡಿ ಅಂದರು. ಚೆನ್ನಮ್ಮ ಸರ್ಕಲ್ಲಿನಲ್ಲಿ ಕುದುರೆ ಮೇಲೆ ಕತ್ತಿ ಎತ್ತಿ ಕೂತಿರುವ ರಾಣಿಯ ಬಗ್ಗೆ ಹೇಳಬಹುದು ಅಂತ ಅವರು ಅಂದುಕೊಂಡಿದ್ದಿರಬೇಕು. ನಾನು ಡಾಂಟೆಯ ಬಗ್ಗೆ ಹೇಳ್ತೀನಿ ಅಂದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಮೇಷ್ಟ್ರು ಇಟಲಿಯ ಕವಿಯ ಉಪನ್ಯಾಸ ಅಂತ ತಿಳಿದು ಪೆನ್ನು ತೆಗೆದರು. ಹಿಂದಿನ ಸಾಲಿನ ಹುಡುಗರು ಮಾತ್ರ ಸೀಟಿ ಹೊಡೆದರು. ಅವರಿಗೆ ಗೊತ್ತಾಗಿತ್ತು.

ಮೇಷ್ಟ್ರು ಪೂರ್ತಿ ತಪ್ಪೇನೂ ಅಲ್ಲ. 'ಡೆವಿಲ್ ಮೇ ಕ್ರೈ' ಅನ್ನುವ ವಿಡಿಯೊ ಗೇಮಿನ ನಾಯಕನಿಗೆ ಆ ಕವಿಯ ಹೆಸರನ್ನೇ ಇಟ್ಟಿದ್ದಾರೆ. ಅವನ ಅಣ್ಣ ವರ್ಜಿಲ್. ಆ ಕವಿಯ 'ಡಿವೈನ್ ಕಾಮಿಡಿ' ಕಾವ್ಯದಲ್ಲಿ ಡಾಂಟೆಗೆ ನರಕದ ದಾರಿ ತೋರಿಸುವವನು ವರ್ಜಿಲ್. ಗೇಮಿನಲ್ಲಿ ಅದೇ ಹೆಸರಿನವನು ತಮ್ಮನ ಎದೆಗೆ ಕತ್ತಿ ಹಾಕುತ್ತಾನೆ. 2001ರಲ್ಲಿ ಜಪಾನಿನ ಕ್ಯಾಪ್‌ಕಾಮ್ ಇದನ್ನು ಪ್ಲೇಸ್ಟೇಷನ್ 2ಕ್ಕೆ ಹೊರತಂದಿತು, ನಿರ್ದೇಶಕ ಹಿದೆಕಿ ಕಾಮಿಯಾ. ಅವರು ಮಾಡೋಕೆ ಹೊರಟಿದ್ದು 'ರೆಸಿಡೆಂಟ್ ಈವಿಲ್' ಸರಣಿಯ ನಾಲ್ಕನೇ ಆಟವನ್ನು. ಅದು ಹೆದರಿಸುವ ಆಟ. ಆದರೆ ಮಾಡುತ್ತಾ ಮಾಡುತ್ತಾ ನಾಯಕ ಎಷ್ಟು ಜೋರಾಗಿಬಿಟ್ಟ ಅಂದರೆ, ಅವನನ್ನು ನೋಡಿ ರಾಕ್ಷಸರೇ ಹೆದರಬೇಕು ಅನ್ನುವ ಹಾಗಾಯಿತು. ಹಾಗಾಗಿ ಬೇರೆ ಹೆಸರಿಟ್ಟು ಬೇರೆ ಆಟವನ್ನೇ ಮಾಡಿದರು.

ನಾನು ಆಡಲು ಶುರು ಮಾಡಿದ್ದು ಮೂರನೇ ಭಾಗದಿಂದ. ಅದು 2005ರದ್ದು, 2006ರಲ್ಲಿ ಪಿಸಿಗೂ ಬಂತು. ಕೀಬೋರ್ಡಿನಲ್ಲಿ ಅದನ್ನು ಆಡೋದು ಅಂದರೆ ಒಂದು ಕೈಯಲ್ಲಿ ರೊಟ್ಟಿ ಬಡಿದು ಇನ್ನೊಂದು ಕೈಯಲ್ಲಿ ಬೇಯಿಸಿದ ಹಾಗೆ. ರೂಮಿಗೆ ಚಹಾ ತಂದ ಅವ್ವ ಪರದೆ ನೋಡಿ ನಿಂತಳು. ಡಾಂಟೆಯ ಎದೆಯಲ್ಲಿ ಕತ್ತಿ ಈ ಕಡೆಯಿಂದ ಆ ಕಡೆಗೆ ಹೋಗಿತ್ತು. ಅವನು ಎದ್ದು ನಿಂತಿದ್ದ. "ಇಂವ ಪುರವಂತನ ಪೈಕಿ ಏನೋ?" ಅಂದಳು.

ನಾನು ನಕ್ಕೆ. ಆಮೇಲೆ ಯೋಚನೆ ಮಾಡಿದರೆ, ಅದಕ್ಕಿಂತ ಚೆನ್ನಾಗಿ ಡಾಂಟೆಯನ್ನು ಯಾರೂ ವಿವರಿಸಿಲ್ಲ ಅನ್ನಿಸಿತು. ನಮ್ಮ ಕಡೆ ವೀರಭದ್ರನ ಗುಗ್ಗಳ ನೋಡಿದವರಿಗೆ ಗೊತ್ತು. ಪುರವಂತರು ಕೈಯಲ್ಲಿ ಖಡ್ಗ ಹಿಡಿದು ಒಡಪು ಹೇಳುತ್ತಾರೆ, ಗಲ್ಲಕ್ಕೆ ಶಸ್ತ್ರ ಹಾಕಿಕೊಳ್ಳುತ್ತಾರೆ, ಹಾಕಿಕೊಂಡೇ ಕುಣಿಯುತ್ತಾರೆ. ಆಯುಧ ಮೊದಲು ಹಿಡಿದವನ ಮೈಯನ್ನು ಹೊಕ್ಕು ಬರಬೇಕು. ಮೊದಲ ಆಟದಲ್ಲಿ ಅಲಾಸ್ಟರ್ ಅನ್ನುವ ಮಿಂಚಿನ ಕತ್ತಿ ಡಾಂಟೆಗೆ ಸಿಗುವುದೇ ಹೀಗೆ. ಅದು ಹಾರಿ ಬಂದು ಅವನ ಎದೆಗೆ ನಾಟುತ್ತದೆ, ಅವನು ಎದ್ದು ಕಿತ್ತುಕೊಳ್ಳುತ್ತಾನೆ, ಅಲ್ಲಿಂದ ಅದು ಅವನದು. ಮೂರನೇ ಆಟದಲ್ಲಿ ಅಣ್ಣನೇ ಚುಚ್ಚುತ್ತಾನೆ, ಅದೂ ಡಾಂಟೆಯ ಸ್ವಂತ ಕತ್ತಿ ರೆಬೆಲಿಯನ್‌ನಿಂದ, ಮತ್ತು ಆ ಗಾಯದಿಂದಲೇ ಅವನೊಳಗಿನ ರಾಕ್ಷಸ ರಕ್ತ ಎಚ್ಚರವಾಗುತ್ತದೆ.

ರಾಕ್ಷಸ ರಕ್ತ ಅಂದೆನಲ್ಲ, ಮನೆತನ ಹೇಳಿಬಿಡ್ತೀನಿ. ಅಪ್ಪ ಸ್ಪಾರ್ಡಾ, ರಾಕ್ಷಸ. ಎರಡು ಸಾವಿರ ವರ್ಷದ ಹಿಂದೆ ತನ್ನವರ ವಿರುದ್ಧವೇ ನಿಂತು, ಮನುಷ್ಯರ ಪರವಾಗಿ ಹೋರಾಡಿ, ಎರಡು ಲೋಕದ ನಡುವಿನ ಬಾಗಿಲು ಮುಚ್ಚಿದವನು. ಅವ್ವ ಈವಾ, ಮನುಷ್ಯಳು. ಅವಳಿ ಮಕ್ಕಳು ಇಬ್ಬರು. ಅಪ್ಪ ಎಲ್ಲೋ ಹೋದ. ಮಕ್ಕಳು ಚಿಕ್ಕವರಿದ್ದಾಗಲೇ ರಾಕ್ಷಸರು ಮನೆಗೆ ನುಗ್ಗಿದರು, ಅವ್ವ ಸತ್ತಳು. ಮನೆ ಸುಟ್ಟಿತು, ಮಕ್ಕಳು ದಿಕ್ಕಿಗೊಬ್ಬರಾದರು. ಆಸ್ತಿ ಉಳಿಯಿತು.

ಇಲ್ಲಿಂದ ನನ್ನ ವಿಷಯ ಶುರು. ಈ ಸರಣಿಯನ್ನು ಎಲ್ಲರೂ ರಾಕ್ಷಸರ ಬೇಟೆಯ ಕಥೆ ಅಂತಾರೆ. ನಾನು ಸವಣೂರು ಕಡೆಯ ಎರೆ ಹೊಲದ ಮನೆಯವನು, ನನಗೆ ಅದರಲ್ಲಿ ಕಾಣುವುದು ಅಣ್ಣತಮ್ಮಂದಿರ ವಾಟ್ನಿ. ನಮ್ಮ ಅಜ್ಜ ತೀರಿಕೊಂಡಾಗ ಅಪ್ಪ ಮತ್ತು ಕಾಕಾ ಪಾಲಾದರು. ಹೊಲ, ಎತ್ತು, ಚಕ್ಕಡಿ, ಜಗಲಿ ಮೇಲಿನ ದೇವರು, ಎಲ್ಲ ಒಂದೇ ಮಧ್ಯಾಹ್ನದಲ್ಲಿ ಬಗೆಹರಿಯಿತು. ಬಗೆಹರಿಯದೇ ಉಳಿದದ್ದು ಅಜ್ಜನ ಎಲೆ ಚಂಚಿ ಮತ್ತು ಹಿತ್ತಾಳೆ ಹಿಡಿಕೆಯ ಅಡಕೊತ್ತು. ಎರಡನ್ನೂ ಇಬ್ಬರೂ ಕೇಳಿದರು. ಕಡೆಗೆ ಪಂಚರು ಚಂಚಿ ಅಪ್ಪನಿಗೆ, ಅಡಕೊತ್ತು ಕಾಕಾನಿಗೆ ಅಂತ ತೀರ್ಮಾನ ಮಾಡಿದರು. ಒಂದರ ಹೊರತು ಇನ್ನೊಂದಕ್ಕೆ ಕೆಲಸವೇ ಇಲ್ಲ. ಆದರೂ ಇಬ್ಬರಿಗೂ ಸಮಾಧಾನವಾಯಿತು, ಯಾಕೆಂದರೆ ಇನ್ನೊಬ್ಬನಿಗೆ ಪೂರ್ತಿ ಸಿಗಲಿಲ್ಲ ಅಲ್ವಾ.

ಈಗ ಸ್ಪಾರ್ಡಾ ಮನೆಯ ಪಾಲು ನೋಡಿ. ಅಣ್ಣನಿಗೆ ಯಮಾಟೊ, ಜಪಾನಿ ಬಗೆಯ ತೆಳು ಖಡ್ಗ. ತಮ್ಮನಿಗೆ ರೆಬೆಲಿಯನ್, ಹಿಡಿಯ ಹತ್ತಿರ ತಲೆಬುರುಡೆ ಇರುವ ಅಗಲವಾದ ಕತ್ತಿ. ಎರಡೂ ಅಪ್ಪನ ಕಾಣಿಕೆ. ಅವ್ವ ಹುಟ್ಟುಹಬ್ಬಕ್ಕೆ ಕೊಟ್ಟಿದ್ದು ಕೆಂಪು ಹರಳಿನ ಪದಕ, ಅದೂ ಇಬ್ಬರಿಗೂ ಅರ್ಧ ಅರ್ಧ. ಇನ್ನು ಮೂರನೆಯ ಕತ್ತಿ ಒಂದಿದೆ, ಫೋರ್ಸ್ ಎಡ್ಜ್. ನೋಡೋಕೆ ಸಾದಾ ಕತ್ತಿ. ಆದರೆ ಪದಕದ ಎರಡೂ ಅರ್ಧ ಸೇರಿದರೆ ಅದು ತನ್ನ ನಿಜ ರೂಪಕ್ಕೆ ಬಂದು ಅಪ್ಪನ ಕತ್ತಿ ಆಗುತ್ತದೆ. ಅದರ ಹೆಸರೂ ಸ್ಪಾರ್ಡಾ. ಅಪ್ಪ ತನ್ನ ಹೆಸರನ್ನೇ ಕತ್ತಿಗೆ ಇಟ್ಟಿದ್ದ. ಇದನ್ನು ನೆನಪಿಡಿ, ಕೊನೆಗೆ ಬೇಕಾಗುತ್ತದೆ.

ಅಪ್ಪನ ಶಕ್ತಿಗೆ ಬೀಗ, ಬೀಗದ ಕೈ ಅವ್ವನ ಹತ್ತಿರ. ಆ ಕೈಯನ್ನೂ ಎರಡು ತುಂಡು ಮಾಡಿ ಇಬ್ಬರಿಗೂ ಹಂಚಿದ್ದಾಳೆ. ಮಕ್ಕಳು ಕೂಡಿ ಇರಲಿ ಅಂತ ಆ ತಾಯಿ ಹಾಗೆ ಮಾಡಿರಬೇಕು ಅಂತ ನನ್ನ ಊಹೆ. ಆಗಿದ್ದು ಮಾತ್ರ ತಿರುಗಾ ಮುರುಗಾ. ಅಣ್ಣ ಅಪ್ಪನ ಶಕ್ತಿಗಾಗಿ ಒಂದು ಗೋಪುರವನ್ನೇ ನೆಲದಿಂದ ಎಬ್ಬಿಸುತ್ತಾನೆ, ತಮ್ಮನ ಅರ್ಧವನ್ನೂ ಕಸಿದುಕೊಳ್ಳುತ್ತಾನೆ. ಮೂರನೇ ಆಟದ ಪೂರ್ತಿ ಕಥೆ ಇಷ್ಟೇ.

ಯಮಾಟೊ, ರೆಬೆಲಿಯನ್ ಎರಡರ ಗುಣವೂ ಬೇರೆ ಬೇರೆ ಅನ್ನುವುದು ಐದನೇ ಆಟದಲ್ಲಿ ಬಿಚ್ಚಿಕೊಳ್ಳುತ್ತದೆ. ಯಮಾಟೊ ಬೇರೆ ಮಾಡುವ ಕತ್ತಿ, ಮನುಷ್ಯನನ್ನು ರಾಕ್ಷಸನಿಂದ ಬಿಡಿಸಬಲ್ಲದು. ರೆಬೆಲಿಯನ್ ಕೂಡಿಸುವ ಕತ್ತಿ. ನಾನು ಆಟ ನಿಲ್ಲಿಸಿ ಸುಮ್ನೆ ಕೂತುಬಿಟ್ಟೆ. ಒಬ್ಬ ಮಗನಿಗೆ ಪಾಲು ಮಾಡುವ ಕತ್ತಿ, ಇನ್ನೊಬ್ಬನಿಗೆ ಕೂಡಿಸುವ ಕತ್ತಿ. ಯಾರಿಗೆ ಏನು ಬೇಕು ಅಂತ ಅಪ್ಪ ಕೇಳಿರಲಿಲ್ಲ. ಆದರೆ ಮಕ್ಕಳು ಬೆಳೆದಿದ್ದು ಕೈಗೆ ಬಂದ ಕತ್ತಿಯ ಹಾಗೇ. ವರ್ಜಿಲ್ ಕಡೆಗೆ ಯಮಾಟೊವನ್ನು ತನ್ನ ಮೈಗೇ ಹಾಕಿಕೊಂಡು ತನ್ನನ್ನೇ ಎರಡು ಪಾಲು ಮಾಡಿಕೊಳ್ಳುತ್ತಾನೆ. ಮನುಷ್ಯನ ಪಾಲು ಒಂದು ಕಡೆ, ವಿ ಅಂತ ಹೆಸರು, ಕೋಲು ಊರಿ ನಡೆಯುವ ಬಡಕಲು ಹುಡುಗ. ರಾಕ್ಷಸನ ಪಾಲು ಇನ್ನೊಂದು ಕಡೆ, ಯುರಿಜೆನ್. ತಮ್ಮನ ಜೊತೆ ಹಂಚಿಕೊಳ್ಳಲಾರದವನು ಕಡೆಗೆ ತನ್ನನ್ನೇ ಹಂಚಿಕೊಂಡ.

ಹೆಸರಿರುವ ಆಯುಧ ನಮಗೇನು ಹೊಸದಲ್ಲ. ಗದುಗಿನ ವೀರನಾರಾಯಣ ಗುಡಿಯಲ್ಲಿ ಕುಮಾರವ್ಯಾಸ ಕೂತು ಬರೆದ ಕಂಬ ಅಂತ ಇವತ್ತಿಗೂ ತೋರಿಸುತ್ತಾರೆ. ಆ ಊರಿನ ಮಕ್ಕಳಿಗೆ ಗಾಂಡೀವ ಯಾರದು ಅಂತ ಹೇಳಿಕೊಡಬೇಕಿಲ್ಲ. ವಿರಾಟಪರ್ವದಲ್ಲಿ ಬನ್ನಿ ಮರದ ಕೆಳಗೆ ನಡೆಯುವುದು ನೆನಪು ಮಾಡಿಕೊಳ್ಳಿ. ಹೆಣದ ಹಾಗೆ ಕಟ್ಟಿ ಮರದ ಮೇಲೆ ಇಟ್ಟಿದ್ದ ಗಂಟನ್ನು ಉತ್ತರ ಇಳಿಸುತ್ತಾನೆ. ಇದು ಯಾರ ಬಿಲ್ಲು, ಇದು ಯಾರ ಕತ್ತಿ ಅಂತ ಒಂದೊಂದಾಗಿ ಕೇಳುತ್ತಾನೆ, ಬೃಹನ್ನಳೆ ಒಂದೊಂದಕ್ಕೂ ಹೆಸರು ಹೇಳುತ್ತಾಳೆ. ಗೇಮಿನಲ್ಲಿ ಆಟ ನಿಲ್ಲಿಸಿ ಆಯುಧದ ಪಟ್ಟಿ ತೆಗೆದು ಒಂದೊಂದರ ವಿವರ ಓದುತ್ತೀರಲ್ಲ, ಅದೇ ಇದು. ವ್ಯತ್ಯಾಸ ಅಂದರೆ, ಪಾಂಡವರ ಆಯುಧ ಒಂದೇ ಮರದ ಮೇಲೆ ಒಂದೇ ಗಂಟಿನಲ್ಲಿ ಇದ್ದವು. ನಮ್ಮ ಕಡೆ ಮರುದಿನ ಬನ್ನಿ ಕೊಟ್ಟು ಬಂಗಾರದಂಗ ಇರೋಣ ಅನ್ನುವುದು ಅದೇ ಮರದ ಎಲೆ ಹಿಡಿದು. ಡಾಂಟೆ ಮನೆಯವರಿಗೆ ಆ ಮರ ಸಿಗಲಿಲ್ಲ.

ರಾಕ್ಷಸರನ್ನು ಕೊಂದವನ ಸಾಮಾನು ಪೂಜಿಸುವುದೂ ನಮಗೆ ಹೊಸದಲ್ಲ. ರಾಣೆಬೆನ್ನೂರು ತಾಲೂಕಿನ ದೇವರಗುಡ್ಡಕ್ಕೆ ಹೋಗಿ ನೋಡಿ. ಮಣಿಕಾಸುರ, ಮಲ್ಲಾಸುರರನ್ನು ಕೊಂದ ಮೈಲಾರನ ಗುಡ್ಡ ಅದು. ಅಲ್ಲಿನ ಗೊರವಯ್ಯ ಡಮರುಗ, ತ್ರಿಶೂಲ, ದೋಣಿ, ಕರಡಿ ಕೂದಲ ಟೊಪ್ಪಿಗೆ ಇಲ್ಲದೆ ಹೊರಡುವುದಿಲ್ಲ. ಡಾಂಟೆಯ ಕೆಂಪು ಕೋಟು ನೋಡಿದಾಗ ನನಗೆ ಆ ಟೊಪ್ಪಿಗೆ ನೆನಪಾಗುತ್ತದೆ. ಅದಿಲ್ಲದಿದ್ದರೆ ಅವನು ಬಿಳಿಗೂದಲಿನ ಪಿಜ್ಜಾ ತಿನ್ನುವ ಸೋಮಾರಿ, ಅಷ್ಟೇ.

ಸರಿ, ಪಿಸ್ತೂಲಿಗೆ ಬರೋಣ. ಹುಡುಗರು ಅದಕ್ಕೇ ಕಾಯುತ್ತಿದ್ದರು. ಕರಿಯದು ಎಬೊನಿ, ಬಿಳಿಯದು ಐವರಿ. ಎಬೊನಿ ಗುರಿಗೆ, ಐವರಿ ವೇಗಕ್ಕೆ. ಮಾಡಿಕೊಟ್ಟವಳು ನೆಲ್ ಗೋಲ್ಡ್‌ಸ್ಟೀನ್ ಅನ್ನುವ ಹೆಂಗಸು, ಬಂದೂಕಿನ ಕಸುಬುದಾರಳು. ಪಿಸ್ತೂಲಿನ ಮೇಲೆ ಟೋನಿ ರೆಡ್‌ಗ್ರೇವ್‌ಗೆ ಅಂತ ಕೆತ್ತಿದೆ. ಟೋನಿ ಯಾರು? ಡಾಂಟೆಯೇ. ತಲೆ ಮರೆಸಿಕೊಂಡು ಓಡಾಡುತ್ತಿದ್ದಾಗ ಇಟ್ಟುಕೊಂಡ ಸುಳ್ಳು ಹೆಸರು. ಅವನ ಹತ್ತಿರ ಇರುವ ಸಾಮಾನಿನಲ್ಲಿ ಅಪ್ಪ ಕೊಡದೇ ಇದ್ದದ್ದು, ಅವನ ಕೈಯ ಅಳತೆಗೇ ಮಾಡಿಸಿದ್ದು ಇವೆರಡು. ಅದರ ಮೇಲೆ ಇರುವುದು ಸುಳ್ಳು ಹೆಸರು.

ಮೊದಲ ಆಟದಲ್ಲಿ ಈ ಪಿಸ್ತೂಲುಗಳ ಮೋಜು ಏನೆಂದರೆ, ಕತ್ತಿಯಿಂದ ಮೇಲಕ್ಕೆ ಹಾರಿಸಿದ ರಾಕ್ಷಸನನ್ನು ಗುಂಡು ಹಾರಿಸುತ್ತಾ ಗಾಳಿಯಲ್ಲೇ ಹಿಡಿದಿಡಬಹುದು. ಈ ಯೋಚನೆ ಹುಟ್ಟಿದ್ದು ಅದೇ ಕಂಪನಿಯ 'ಒನಿಮುಷಾ' ಆಟದ ಒಂದು ದೋಷದಿಂದ. ಪರೀಕ್ಷೆ ಮಾಡುವಾಗ ಶತ್ರು ಕೆಳಗೆ ಬೀಳದೆ ಹೊಡೆತಕ್ಕೆ ಮೇಲೇ ತೇಲುತ್ತಿದ್ದದ್ದನ್ನು ಕಾಮಿಯಾ ನೋಡಿದರು. ಅಲ್ಲಿ ತಪ್ಪು ಅನ್ನಿಸಿಕೊಂಡದ್ದು ಇಲ್ಲಿ ಶೈಲಿಯಾಯಿತು.

ಮೂರನೇ ಆಟದ ಕೊನೆಗೆ ಹೋಗಿ. ಅರ್ಖಮ್ ಅನ್ನುವ ಹೊರಗಿನವನು ಅಣ್ಣತಮ್ಮಂದಿರ ಜಗಳ ನೋಡಿಕೊಂಡೇ ಇದ್ದು, ಸಮಯ ನೋಡಿ ಸ್ಪಾರ್ಡಾ ಕತ್ತಿಯ ಶಕ್ತಿ ಹೊಡೆದುಕೊಂಡು ಹೋಗುತ್ತಾನೆ. ಊರಲ್ಲಿ ಇಂಥವರು ಇದ್ದೇ ಇರುತ್ತಾರೆ, ಅಣ್ಣತಮ್ಮಂದಿರ ಕೋರ್ಟಿನ ಖರ್ಚಿಗೆ ತಾನೇ ಸಾಲ ಕೊಟ್ಟು ಕಡೆಗೆ ಹೊಲ ಬರೆಸಿಕೊಳ್ಳುವವರು. ಆದರೆ ಆ ಶಕ್ತಿ ಅವನ ಮೈಗೆ ಹೊಂದುವುದಿಲ್ಲ. ರೂಪ ಕೆಟ್ಟು ಲೋಳೆ ಲೋಳೆ ಮುದ್ದೆಯಾಗುತ್ತಾನೆ. ಆಗ ಅಣ್ಣತಮ್ಮ ಕೂಡುತ್ತಾರೆ. ಕಡೆಯ ಗುಂಡು ಹೊಡೆಯುವಾಗ ಒಂದು ಪಿಸ್ತೂಲು ಡಾಂಟೆಯ ಕೈಯಲ್ಲಿ, ಇನ್ನೊಂದು ವರ್ಜಿಲ್ ಕೈಯಲ್ಲಿ. ಇಡೀ ಆಟದಲ್ಲಿ ಅವರಿಬ್ಬರೂ ಜಗಳವಿಲ್ಲದೆ ಹಂಚಿಕೊಂಡದ್ದು ಇದೊಂದನ್ನೇ, ಅಪ್ಪನದಲ್ಲದ ಸಾಮಾನನ್ನು. ಮುದ್ದೆ ಸತ್ತ ಮರುಗಳಿಗೆಯೇ ಮತ್ತೆ ಬಡಿದಾಟ. ಕಡೆಗೆ ಫೋರ್ಸ್ ಎಡ್ಜ್ ತಮ್ಮನಿಗೆ ಉಳಿಯುತ್ತದೆ, ವರ್ಜಿಲ್ ತನ್ನ ಅರ್ಧ ಪದಕ ಗಟ್ಟಿಯಾಗಿ ಹಿಡಿದು ರಾಕ್ಷಸ ಲೋಕಕ್ಕೆ ಬೀಳುತ್ತಾನೆ. ಹಿಡಿಯೋಕೆ ಚಾಚಿದ ತಮ್ಮನ ಅಂಗೈಯನ್ನು ಯಮಾಟೊದಿಂದ ಗೀರಿ ಬೀಳುತ್ತಾನೆ.

ನಮ್ಮ ಹುಡುಗರಿಗೆ ಜಾಸ್ತಿ ಇಷ್ಟವಾಗುವುದು ಅಗ್ನಿ ಮತ್ತು ರುದ್ರ. ಹೌದು, ಅದೇ ಹೆಸರು. ಸೋತ ರಾಕ್ಷಸರು ಆಯುಧವಾಗಿ ಡಾಂಟೆಯ ಕೈ ಸೇರುವುದು ಈ ಆಟಗಳ ಪದ್ಧತಿ. ಮೂರು ತಲೆಯ ನಾಯಿ ಸರ್ಬೆರಸ್ ಮೂರು ಕೋಲಿನ ನಂಚಾಕು ಆಗುತ್ತದೆ, ನೆವಾನ್ ಅನ್ನುವವಳು ಗಿಟಾರ್ ಆಗುತ್ತಾಳೆ. ಗಿಟಾರ್‌ನಿಂದ ಬಾವಲಿಗಳು ಹಾರುತ್ತವೆ, ಅದರ ಬಗ್ಗೆ ನಾನು ಏನೂ ಹೇಳುವುದಿಲ್ಲ. ಅಗ್ನಿ, ರುದ್ರ ಬಾಗಿಲು ಕಾಯುವ ಅಣ್ಣತಮ್ಮ ರಾಕ್ಷಸರು. ಒಬ್ಬ ಬೆಂಕಿ, ಒಬ್ಬ ಗಾಳಿ. ತಲೆ ಇರುವುದು ಕತ್ತಿಯ ಹಿಡಿಕೆಯಲ್ಲಿ. ಅವರ ಕಾಟ ಏನೆಂದರೆ, ಬಾಯಿ ಮುಚ್ಚುವುದಿಲ್ಲ. ಅಣ್ಣಾ ನಿಟ್ಟುಸಿರು ಅಂದರೇನು, ಹೀಗೇ. ಸೋತ ಮೇಲೆ ನಮ್ಮನ್ನೂ ಕರ್ಕೊಂಡು ಹೋಗು ಅಂತಾರೆ. ಮಾತಾಡಬಾರದು ಅನ್ನುವ ಷರತ್ತಿನ ಮೇಲೆ ಡಾಂಟೆ ಒಪ್ಪುತ್ತಾನೆ. ನಮ್ಮಲ್ಲಿ ಕತ್ತಿ ಹಿಡಿದವನು ಬಾಯಿ ಬಿಡದಿದ್ದರೆ ಗುಗ್ಗಳವೇ ಹೊರಡುವುದಿಲ್ಲ, 'ಆಹಾ ರುದ್ರಾ' ಅಂತ ಊರೆಲ್ಲ ಕೇಳುವ ಹಾಗೆ ಒಡಪು ಹೇಳಲೇಬೇಕು. ಅಲ್ಲಿ ಪಾಪ ರುದ್ರನಿಗೇ ಸುಮ್ಮನಿರು ಅಂತಾರೆ. ಒಂದು ಮಾತು ಮಾತ್ರ ಗಮನಿಸಿ. ಈ ಆಟದಲ್ಲಿ ಜಗಳವಾಡದೆ, ಯಾವಾಗಲೂ ಜೋಡಿಯಾಗೇ ಇರುವ ಅಣ್ಣತಮ್ಮಂದಿರು ಇವರಿಬ್ಬರೇ.

ಉಳಿದವು ಬೇಗ ಹೇಳಿ ಮುಗಿಸುತ್ತೇನೆ. ನಾಲ್ಕನೇ ಆಟದಲ್ಲಿ ಪಂಡೋರಾ ಅನ್ನುವ ಪೆಟ್ಟಿಗೆ ಬರುತ್ತದೆ, 666 ರೂಪ ತಾಳುತ್ತದಂತೆ, ಆಟದಲ್ಲಿ ಸಿಗುವುದು ಕೆಲವೇ. ಐದರಲ್ಲಿ ಮೋಟರ್ ಸೈಕಲ್ ಎರಡು ತುಂಡಾಗಿ ಗರಗಸದಂಥ ಕತ್ತಿಗಳಾಗುತ್ತದೆ, ಕವಾಲಿಯೇರೆ ಅಂತ ಹೆಸರು. ಗೋಕುಲ ರೋಡಿನ ಗ್ಯಾರೇಜುಗಳಲ್ಲಿ ಖಂಡೇನವಮಿಗೆ ಬೈಕಿಗೆ ಚೆಂಡು ಹೂವಿನ ಮಾಲೆ ಹಾಕಿ ಬೂದಗುಂಬಳ ಒಡೆಯುವುದನ್ನು ನೋಡಿದವರಿಗೆ ಅದೇನು ವಿಚಿತ್ರ ಅನ್ನಿಸುವುದಿಲ್ಲ.

ಆದರೆ ಕಲೀನಾ ಆನ್ ಬಗ್ಗೆ ನಿಲ್ಲಲೇಬೇಕು. ಅದು ಲೇಡಿ ಅನ್ನುವ ಹುಡುಗಿಯ ರಾಕೆಟ್ ಬಂದೂಕು. ಅರ್ಖಮ್ ಅಂದೆನಲ್ಲ, ಅವನ ಮಗಳು ಅವಳು. ಶಕ್ತಿಯ ಆಸೆಗೆ ಅವನು ತನ್ನ ಹೆಂಡತಿಯನ್ನೇ ಬಲಿ ಕೊಟ್ಟ. ಆ ಹೆಂಡತಿಯ ಹೆಸರು ಕಲೀನಾ ಆನ್. ಮಗಳು ತನ್ನ ಹೆಸರು ಬಿಟ್ಟಳು, ಅವ್ವನ ಹೆಸರನ್ನು ಹೆಗಲ ಮೇಲೆ ಹೊತ್ತಳು. ಡಾಂಟೆಯ ಕೈಯಲ್ಲಿ ಸೋತ ಮೇಲೆ ಅದನ್ನೇ ಅವನ ಕೈಗೆ ಕೊಟ್ಟು, ನನ್ನ ಅಪ್ಪನನ್ನು ನೀನೇ ತಡೆ ಅಂತ ಕಳಿಸುತ್ತಾಳೆ. ಅವ್ವನ ವಸ್ತುವನ್ನು ಪಾಲಾಗದೆ, ಜಗಳವಾಗದೆ ಇನ್ನೊಬ್ಬರ ಕೈಗೆ ಕೊಡಬಹುದು ಅನ್ನುವುದು ಡಾಂಟೆಗೆ ಅಲ್ಲೇ ತಿಳಿದಿರಬೇಕು. ಮೊದಲ ಆಟದಲ್ಲಿ (ಅದು ಮೊದಲು ಬಂದರೂ ಕಥೆ ಮೂರನೆಯದರ ಆಮೇಲಿನದು) ಅವನೂ ಹಾಗೇ ಮಾಡುತ್ತಾನೆ. ಅಲ್ಲಿ ಟ್ರಿಶ್ ಅನ್ನುವವಳಿಗೆ ಅವನ ಅವ್ವನದೇ ಮುಖ. ಅವನನ್ನು ಮೋಸಗೊಳಿಸಲು ರಾಕ್ಷಸ ರಾಜ ಹಾಗೆ ಮಾಡಿ ಕಳಿಸಿದ್ದ. ಕಡೆಗೆ ಅವಳೇ ಡಾಂಟೆಗಾಗಿ ಜೀವ ಕೊಡುತ್ತಾಳೆ. ಆಗ ಪೂರ್ತಿಯಾಗಿ ಕೂಡಿದ್ದ ಆ ಪದಕವನ್ನೂ, ಅಪ್ಪನ ಕತ್ತಿಯನ್ನೂ ಅವಳ ಪಕ್ಕದಲ್ಲೇ ಬಿಟ್ಟು ಎದ್ದು ಹೋಗುತ್ತಾನೆ. ಪದಕ ಪೂರ್ತಿಯಾಗಿದ್ದು ಹೇಗೆ ಅಂದರೆ, ಎದುರಾಳಿಯಾಗಿ ಬಂದ ನೆಲೊ ಆಂಜೆಲೊ ಅನ್ನುವ ಕಪ್ಪು ಕವಚದ ಯೋಧ ಬಿದ್ದಾಗ ಅವನಿಂದ ಉಳಿದದ್ದು ಇನ್ನೊಂದು ಅರ್ಧ. ಒಳಗಿದ್ದವನು ಅಣ್ಣ.

ಇನ್ನು ಯಮಾಟೊ. ನಾಲ್ಕನೇ ಆಟ 2008ರದ್ದು. ಮುರಿದು ಹೋಗಿದ್ದ ಆ ಖಡ್ಗ ನೀರೋ ಅನ್ನುವ ಹುಡುಗನ ಕೈಯಲ್ಲಿ ಮತ್ತೆ ಕೂಡುತ್ತದೆ. ಡಾಂಟೆ ಅದನ್ನು ಕೇಳೋಕೆ ಬಂದವನು. ಅಣ್ಣನ ಕತ್ತಿ, ಮನೆಯದು. ಕಡೆಗೆ ಹುಡುಗ ವಾಪಸ್ ಕೊಡೋಕೆ ಬಂದರೆ, ನೀನೇ ಇಟ್ಟುಕೋ ಅಂತ ಹೋಗಿಬಿಡುತ್ತಾನೆ. ಆ ಹುಡುಗ ಯಾರು ಅಂತ ಐದನೇ ಆಟದಲ್ಲಿ ಗೊತ್ತಾಗುತ್ತದೆ. ವರ್ಜಿಲ್‌ನ ಮಗ. ಕಾಕಾ ಅಣ್ಣನ ಪಾಲನ್ನು ಅಣ್ಣನ ಮಗನಿಗೇ ಮುಟ್ಟಿಸಿದ್ದ. ಆಮೇಲೆ ಅಪ್ಪನೇ ಬಂದು ಮಗನ ತೋಳು ಕಿತ್ತು ಕತ್ತಿ ಒಯ್ಯುತ್ತಾನೆ. ನನ್ನ ಪಕ್ಕ ಕೂತು ನೋಡುತ್ತಿದ್ದ ಅವ್ವನಿಗೆ ಇದನ್ನು ಅರ್ಥ ಮಾಡಿಸಬೇಕಾಗಲಿಲ್ಲ. "ಕೊಟ್ಟಂವ ಕಾಕಾ, ಕಸ್ಕೊಂಡಂವ ಅಪ್ಪ. ಹಿಂಗೂ ಇರ್ತಾವ" ಅಂದಳು.

ಐದನೇ ಆಟ ಬಂದದ್ದು 2019ರ ಮಾರ್ಚಿನಲ್ಲಿ, ಹನ್ನೊಂದು ವರ್ಷ ಕಾಯಿಸಿ. ಅದರಲ್ಲಿ ಯುರಿಜೆನ್ ಎದುರು ರೆಬೆಲಿಯನ್ ಮುರಿಯುತ್ತದೆ. ಡಾಂಟೆ ಮುರಿದ ತುಂಡನ್ನು ಹಿಡಿದು ಕೂರುತ್ತಾನೆ, ನೋಡುತ್ತಾನೆ, ಯಮಾಟೊ ಬೇರೆ ಮಾಡುವುದಾದರೆ ಇದು ಏನು ಮಾಡಬಹುದು ಅಂತ ಲೆಕ್ಕ ಹಾಕುತ್ತಾನೆ, ಆಮೇಲೆ ಅದೇ ಮುರುಕನ್ನು ತನ್ನ ಎದೆಗೆ ತಾನೇ ಚುಚ್ಚಿಕೊಳ್ಳುತ್ತಾನೆ. ಈವರೆಗೆ ಇನ್ನೊಬ್ಬರು ಚುಚ್ಚುತ್ತಿದ್ದರು. ಅಪ್ಪನ ಸ್ಪಾರ್ಡಾ ಕತ್ತಿಯೂ ಅವನ ಮೈಯೊಳಗೆ ಕರಗುತ್ತದೆ. ಕೈಯಲ್ಲಿ ಹೊಸ ಕತ್ತಿ ಮೂಡುತ್ತದೆ. ಆ ಕತ್ತಿಯ ಹೆಸರು ಡಾಂಟೆ. ಅಪ್ಪ ತನ್ನ ಕತ್ತಿಗೆ ತನ್ನ ಹೆಸರಿಟ್ಟಿದ್ದ ಅಂತ ನೆನಪಿಡಿ ಅಂದಿದ್ದೆನಲ್ಲ. ಪಿಸ್ತೂಲಿನ ಮೇಲೆ ಸುಳ್ಳು ಹೆಸರು ಹೊತ್ತು ತಿರುಗಿದವನು ಕಡೆಗೆ ತನ್ನ ಹೆಸರನ್ನು ಬರೆದುಕೊಂಡದ್ದು ಇಲ್ಲಿ. ಅಪ್ಪನ ಎರಡೂ ಕತ್ತಿ ಇಲ್ಲವಾದ ಮೇಲೆ.

ಹಾನಗಲ್ಲಿನ ತಾರಕೇಶ್ವರ ಗುಡಿಯ ಹತ್ತಿರ ವೀರಗಲ್ಲುಗಳಿವೆ. ಕೆಳಗಿನ ಪಟ್ಟಿಯಲ್ಲಿ ಕತ್ತಿ ಹಿಡಿದು ಹೋರಾಡುವ ವೀರ, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವನ ಹತ್ತಿರ ಕೂತವನು. ವೀರಗಲ್ಲು ಎಲ್ಲಿ ನೋಡಿದರೂ ಸಾಮಾನ್ಯವಾಗಿ ಇದೇ ಕ್ರಮ. ಮೇಲಿನ ಪಟ್ಟಿಯಲ್ಲಿ ಅವನ ಕೈಯಲ್ಲಿ ಕತ್ತಿ ಇರುವುದಿಲ್ಲ. ಅದು ಯಾರ ಪಾಲಿಗೆ ಹೋಯಿತು ಅಂತ ಕಲ್ಲು ಹೇಳುವುದಿಲ್ಲ. ನನಗೆ ಯಾವಾಗಲೂ ಅದರದ್ದೇ ಕುತೂಹಲ.

ಮಾತು ಮುಗಿದ ಮೇಲೆ ಒಬ್ಬ ಹುಡುಗಿ ಎದ್ದು ಕೇಳಿದಳು. "ಸರ್, ಅಡಕೊತ್ತು ಏನಾಯ್ತು?"

ಹೇಳುವುದು ಮರೆತೇಬಿಟ್ಟಿದ್ದೆ. ಕಾಕಾ ಹೋದ ವರ್ಷ ತೀರಿಕೊಂಡ. ದಿನಕರ್ಮ ಮುಗಿದ ಮೇಲೆ ಕಾಕಿ ಒಂದು ಕರವಸ್ತ್ರದಲ್ಲಿ ಸುತ್ತಿ ತಂದು ಅಪ್ಪನ ಮುಂದೆ ಇಟ್ಟಳು. ಅಪ್ಪ ಒಳಗಿನಿಂದ ಚಂಚಿ ತಂದು, ಅಡಕೊತ್ತನ್ನು ಅದರ ಖಾನೆಯಲ್ಲಿ ಇಟ್ಟು, ದಾರ ಬಿಗಿದ. ಅಪ್ಪನಿಗೆ ಈಗ ಹಲ್ಲಿಲ್ಲ, ಮನೆಯಲ್ಲಿ ಅಡಿಕೆ ತಿನ್ನುವವರೂ ಯಾರೂ ಇಲ್ಲ. ಖಂಡೇನವಮಿಗೆ ಮಾತ್ರ ಅವ್ವ ಅದನ್ನು ಹೊರಗೆ ತೆಗೆದು ಇಳಿಗೆಮಣೆ, ಕುಡಗೋಲು, ನನ್ನ ಲ್ಯಾಪ್‌ಟಾಪಿನ ಸಾಲಿನಲ್ಲಿ ಇಡುತ್ತಾಳೆ. ಹೋದ ವರ್ಷ ನನ್ನ ಗೇಮ್ ಕಂಟ್ರೋಲರನ್ನೂ ಇಟ್ಟು ಅದಕ್ಕೂ ಧಾರಾಳವಾಗಿ ಕುಂಕುಮ ಹಚ್ಚಿದಳು. ಎಡಗಡೆಯ ಕಡ್ಡಿಯೊಳಗೆ ಕುಂಕುಮ ಇಳಿದಿದೆ. ಅಂದಿನಿಂದ ಡಾಂಟೆ ನಾನು ಮುಟ್ಟದಿದ್ದರೂ ನಿಧಾನಕ್ಕೆ ಒಂದೇ ದಿಕ್ಕಿಗೆ ನಡೆಯುತ್ತಿರುತ್ತಾನೆ.